ಕಾರಣ–ಪರಿಣಾಮ: ಚಟುವಟಿಕೆಯಲ್ಲಿ ಹೇಳುವ ಮಕ್ಕಳು ಪಾಠದಲ್ಲಿ ಯಾಕೆ ತಪ್ಪುತ್ತಾರೆ?

ಸೋಮವಾರಪೇಟೆ_ಮೂರನೇಕ್ಲಾಸ್
ಮೂರನೇ ತರಗತಿ, 24 ಮಕ್ಕಳು. ಅರ್ಧದಷ್ಟು ಮಕ್ಕಳ ಮನೆಮಾತು ಪಾಠದ ಕನ್ನಡವಲ್ಲ: ಅರೆಭಾಷೆ, ಕೊಡವ ತಕ್ಕ್, ಮಲಯಾಳ, ಲೈನ್‌ಮನೆ (ತೋಟದ ಕಾರ್ಮಿಕರ ಸಾಲುಮನೆ) ಮಕ್ಕಳದ್ದು ಇನ್ನೂ ಬೇರೆ. ಬಲೂನಿಗೆ ಸೂಜಿ ಚುಚ್ಚಿ ‘ಯಾಕೆ ಒಡೀತು?’ ಅಂದರೆ ಥಟ್ಟನೆ ಉತ್ತರ ಬರುತ್ತದೆ. ‘ರಾತ್ರಿಯಿಡೀ ಮಳೆ ಸುರಿಯಿತು. ಹೊಳೆ ತುಂಬಿತು. ಸೇತುವೆ ಮೇಲೆ ನೀರು ಬಂತು. ಬಸ್ಸು ನಾಪೋಕ್ಲುವಿನಲ್ಲೇ ನಿಂತಿತು’ ಎಂದು ಓದಿಸಿ ‘ಬಸ್ಸು ಯಾಕೆ ನಿಂತಿತು?’ ಅಂದರೆ ಕೊನೆಯ ವಾಕ್ಯವನ್ನೇ ಮತ್ತೆ ಓದುತ್ತಾರೆ. ಚಟುವಟಿಕೆಯಿಂದ ಓದಿಗೆ ದಾಟಿಸುವುದು ಹೇಗೆ?

ಗೋಣಿಕೊಪ್ಪ_ಮೇಷ್ಟ್ರು
ಮೇಡಂ, ಬಲೂನು ಚುಚ್ಚಿದ ಕೂಡಲೇ ಒಡೆಯುತ್ತದೆ. ಪಾಠದಲ್ಲಿ ಕಾರಣ ನಾಲ್ಕು ವಾಕ್ಯ ಹಿಂದೆ ಇರುತ್ತದೆ. ಮಕ್ಕಳಿಗೆ ಸರಪಳಿ ಕಾಣಬೇಕು. ಖಾಲಿ ಬೆಂಕಿಪೊಟ್ಟಣ ಐದು ಸಾಕು. ಒಂದೊಂದಕ್ಕೆ ಒಂದು ಚೀಟಿ ಅಂಟಿಸಿ:

ಮಾರ್ಚಿನಲ್ಲಿ ಮಳೆ ಬಿತ್ತು / ಕಾಫಿ ಹೂ ಅರಳಿತು / ತೋಟಕ್ಕೆ ಜೇನು ಬಂತು / ಕಾಯಿ ಚೆನ್ನಾಗಿ ಕಟ್ಟಿತು / ಕಣ ತುಂಬಿತು.

ಪೊಟ್ಟಣವನ್ನು ಉದ್ದಕ್ಕೆ ನಿಲ್ಲಿಸಿ, ನಡುವೆ 2ರಿಂದ 2.5 ಸೆಂ.ಮೀ. ಬಿಡಿ. ಅಂತರ 4 ಸೆಂ.ಮೀ. ಆದರೆ ಬಿದ್ದ ಪೊಟ್ಟಣ ಮುಂದಿನದರ ಬುಡಕ್ಕೆ ತಾಗಿ ಅದನ್ನು ಜರುಗಿಸುತ್ತದೆಯೇ ಹೊರತು ಬೀಳಿಸುವುದಿಲ್ಲ. ಖಾಲಿ ಪೊಟ್ಟಣ ಗಾಳಿಗೇ ಉರುಳುತ್ತದೆ, ಒಣ ಮರಳು ತುಂಬಿ ಟೇಪ್ ಹಾಕಿ. ತುಂಬಿದರೆ ಪೂರ್ತಿ ತುಂಬಬೇಕು. ಅರ್ಧ ಬಿಟ್ಟರೆ ಮರಳೆಲ್ಲ ಬುಡಕ್ಕಿಳಿದು ಬೀಳಲು ಹಠ ಮಾಡುತ್ತದೆ.

ಮೊದಲು ಮಕ್ಕಳೇ ಕ್ರಮವಾಗಿ ಜೋಡಿಸಿ ಬೀಳಿಸಲಿ. ಆಮೇಲೆ ಎರಡನೆಯದನ್ನು ತೆಗೆದು ಮತ್ತೆ ತಳ್ಳಿಸಿ. ಮೂರನೆಯದು ನಿಂತೇ ಇರುತ್ತದೆ. ‘ಹೂ ಅರಳದಿದ್ದರೆ ಏನೇನು ಆಗುತ್ತಿರಲಿಲ್ಲ?’ ಎಂದು ಆಗಲೇ ಕೇಳಬೇಕು. ಅದೇ ಐದು ವಾಕ್ಯವನ್ನು ಬೋರ್ಡಿನಲ್ಲಿ ಬರೆದು ಎರಡನೆಯದನ್ನು ಕಾಗದದಿಂದ ಮುಚ್ಚಿ ಅದೇ ಪ್ರಶ್ನೆ ಕೇಳಿ. ದಾಟುವುದು ಇಲ್ಲೇ, ಅದೇ ಪೀರಿಯಡ್‌ನಲ್ಲಿ. ಮರುದಿನಕ್ಕೆ ಬಿಟ್ಟರೆ ಪೊಟ್ಟಣ ಆಟವಾಗಿಯೇ ಉಳಿಯುತ್ತದೆ.

ಓದುಮೂಲೆ_ಕೊಡಗು
ಮೇಷ್ಟ್ರೇ, ಪೊಟ್ಟಣದ ಆಟ ಚೆನ್ನಾಗಿದೆ, ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಪ್ರತಿಯೊಂದಕ್ಕೂ ಒಂದೇ ಕಾರಣ ಅಂದುಕೊಳ್ಳುತ್ತಾರೆ. ಮಳೆಯ ಪೊಟ್ಟಣ ತೆಗೆದು ನೋಡಿ, ತೋಟದ ಮನೆಯ ಮಗು ‘ನಮ್ಮಲ್ಲಿ ಸ್ಪ್ರಿಂಕ್ಲರ್ ಹಾಕ್ತಾರೆ, ಆಗಲೂ ಹೂ ಬರ್ತದೆ’ ಅನ್ನುತ್ತದೆ. ಅದು ಸರಿ! ಜೇನಿನದ್ದೂ ಹಾಗೆಯೇ, ರೊಬಸ್ಟಾ ಕಾಫಿಯ ಪರಾಗ ಗಾಳಿಯಲ್ಲೂ ಹೋಗುತ್ತದೆ. ಅಂಥ ಉತ್ತರವನ್ನು ತಪ್ಪೆನ್ನದೆ ‘ಸ್ಪ್ರಿಂಕ್ಲರ್’ ಚೀಟಿಯ ಪೊಟ್ಟಣವೊಂದನ್ನು ಮಳೆಯ ಪಕ್ಕ ಇಡಿ.

ಒಂದೇ ಪರಿಣಾಮಕ್ಕೆ ಹಲವು ಕಾರಣ ಇರಬಹುದು ಎಂದು ತೋರಿಸಲು ಮಣ್ಣಿನ ಪ್ರಯೋಗ ಒಳ್ಳೆಯದು. 2 ಲೀಟರ್ ಬಾಟಲಿ ಎರಡು. ಅಡ್ಡ ಮಲಗಿಸಿ ಮೇಲ್ಭಾಗ ಕತ್ತರಿಸಿ, ಬಾಯಿಯ ಮಟ್ಟದವರೆಗೆ ಒಂದೇ ಮಣ್ಣು ತುಂಬಿ. ಒಂದರಲ್ಲಿ ಎರಡು ವಾರ ಮೊದಲೇ ರಾಗಿ ಬಿತ್ತಿರಬೇಕು. ಬಿತ್ತುವ ಬದಲು ಹುಲ್ಲನ್ನು ಮಣ್ಣಿನ ಸಮೇತ ಕಿತ್ತು ತಂದು ಇಟ್ಟರೆ ನೀರು ಅಡಿಯಿಂದ ನುಗ್ಗಿ ಎರಡೂ ಲೋಟದಲ್ಲಿ ಕೆಸರೇ ಬರುತ್ತದೆ. ಹಿಂಭಾಗಕ್ಕೆ ಇಟ್ಟಿಗೆ, ಬಾಯಿಯ ಕೆಳಗೆ ಗಾಜಿನ ಲೋಟ. ಮುಚ್ಚಳಕ್ಕೆ ತೂತು ಮಾಡಿದ ಬಾಟಲಿಯಿಂದ ತಲಾ ಅರ್ಧ ಲೀಟರ್ ನೀರು, ಒಂದೇ ಎತ್ತರದಿಂದ. ಆಮೇಲೆ ಬರಿಮಣ್ಣಿನದನ್ನೇ ಇಟ್ಟಿಗೆ ತೆಗೆದು ಚಪ್ಪಟೆಯಾಗಿ ಇಟ್ಟು ಸುರಿಯಿರಿ, ಕೆಸರು ಕಡಿಮೆ. ಬೇರು, ಇಳಿಜಾರು, ನೀರು: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು.

ಒಂದು ಎಚ್ಚರಿಕೆ. 2018ರ ಆಗಸ್ಟಿನಲ್ಲಿ ಕೊಡಗಿನ ಭೂಕುಸಿತದಲ್ಲಿ ಮನೆ ಕಳೆದುಕೊಂಡ ಕುಟುಂಬಗಳ ಮಕ್ಕಳಿರುವ ಕಡೆ ಇದನ್ನು ‘ಗುಡ್ಡ ಕುಸಿತ’ ಅಂತ ಹೆಸರಿಟ್ಟು ಮಾಡಬೇಡಿ. ‘ತೋಟದ ಮಣ್ಣು ಎಲ್ಲಿಗೆ ಹೋಯಿತು?’ ಸಾಕು. ನಿಜವಾದ ಕುಸಿತ ಬಾಟಲಿಯಲ್ಲಿ ತೋರುವಷ್ಟು ಸರಳವೂ ಅಲ್ಲ.

ವಿರಾಜಪೇಟೆ_ಅಕ್ಷರ
‘ಆಮೇಲೆ’ ಮತ್ತು ‘ಆದ್ದರಿಂದ’ ಬೇರೆ ಎನ್ನುವುದಕ್ಕೆ ಅಜ್ಜಿಯ ಕೋಳಿಯ ಕಥೆಗಿಂತ ಬೇರೆ ಬೇಕೇ? ಕೋಳಿ ಕೂಗಿದ ಮೇಲೆ ಬೆಳಗಾಯಿತು; ಬುಟ್ಟಿ ಕವುಚಿ ಕೋಳಿಯನ್ನು ಬಚ್ಚಿಟ್ಟರೂ ಬೆಳಗಾಯಿತು. ಮಳೆ–ಹೊಳೆ ಜೋಡಿಯ ಪಕ್ಕ ಇದನ್ನಿಟ್ಟು ಎರಡಕ್ಕೂ ‘ಮೊದಲನೆಯದು ಇಲ್ಲದಿದ್ದರೆ?’ ಕೇಳಿ.

ಇನ್ನೊಂದು ತೊಡಕು: ನಮ್ಮ ಪಾಠಗಳಲ್ಲಿ ‘ಮಳೆ ಬಂದು ದಾರಿ ಜಾರುತ್ತಿತ್ತು’ ಎಂಬಂಥ ವಾಕ್ಯ ಹೆಚ್ಚು. ಕಾರಣ ‘ಬಂದು’ವಿನಲ್ಲಿ ಅಡಗಿದೆ, ಕನ್ನಡ ಹೊಸದಾದ ಮಗುವಿಗೆ ಅದು ಬರೀ ‘ಆಮೇಲೆ’. ಮೊದಲ ಕೆಲವು ಪಾಠ ‘ಬಂದದ್ದರಿಂದ’ ಅಂತ ಬಿಡಿಸಿ ಬರೆದುಕೊಡಿ. ಉತ್ತರ ಮನೆಮಾತಿನಲ್ಲಿ ಬಂದರೂ ಒಪ್ಪಿಕೊಳ್ಳಿ, ಪರೀಕ್ಷಿಸುತ್ತಿರುವುದು ಕನ್ನಡವನ್ನಲ್ಲ.

ಸೋಮವಾರಪೇಟೆ_ಮೂರನೇಕ್ಲಾಸ್
ಧನ್ಯವಾದ. 24 ಮಕ್ಕಳು, 40 ನಿಮಿಷ. ಪೊಟ್ಟಣ ಎಷ್ಟು ಗುಂಪಿಗೆ?

ಗೋಣಿಕೊಪ್ಪ_ಮೇಷ್ಟ್ರು
ನಾಲ್ಕು ಮಕ್ಕಳ ಆರು ಗುಂಪು, 30 ಪೊಟ್ಟಣ, ಸ್ಪ್ರಿಂಕ್ಲರಿಗೆ ಅಂತ ಆರು ಹೆಚ್ಚು. ಜೋಡಿಸಿ ಬೀಳಿಸಲು 15 ನಿಮಿಷ, ತೆಗೆದು ನೋಡಲು 10, ಉಳಿದದ್ದು ಓದಿಗೆ. ಒಂದು ಗುಂಪಿಗೆ ಆರು ಮಕ್ಕಳಾದರೆ ಇಬ್ಬರು ತಳ್ಳುತ್ತಾರೆ, ನಾಲ್ವರು ಜಗಳವಾಡುತ್ತಾರೆ. ಮಳೆಗಾಲದಲ್ಲಿ ಪೊಟ್ಟಣವನ್ನು ಬಿಗಿ ಮುಚ್ಚಳದ ಡಬ್ಬದಲ್ಲಿಡಿ. ನಮ್ಮ ಜುಲೈ ತೇವಕ್ಕೆ ರಟ್ಟು ಮೆತ್ತಗಾಗಿ ಹೊಟ್ಟೆ ಉಬ್ಬಿದರೆ ನೆಟ್ಟಗೆ ನಿಲ್ಲುವುದಿಲ್ಲ.