ಪದಚರ್ಚೆ: ಕುಲಕಸುಬು ಬಿಟ್ಟ ಪಾತ್ರವನ್ನು ಕನ್ನಡದಲ್ಲಿ ಏನೆಂದು ಕರೆಯೋಣ?

ಬಳಗದ ಗೆಳೆಯರೇ, ನಮಸ್ಕಾರ.

ಡಂಜನ್ಸ್ ಅಂಡ್ ಡ್ರಾಗನ್ಸ್ ಬಗೆಯ ಆಟಗಳನ್ನು ನಮ್ಮ ಗುಂಪು ಕನ್ನಡದಲ್ಲೇ ಆಡುತ್ತದೆ. ಮೇಜಿನ ಸುತ್ತ ಕೂತು, ಒಬ್ಬರು ಕತೆ ನಡೆಸುತ್ತ, ಉಳಿದವರು ತಲೆಗೊಂದು ಪಾತ್ರ ವಹಿಸಿಕೊಂಡು, ದಾಳ ಉರುಳಿಸುತ್ತ ಆಡುವ ಆಟ. ಶುರುವಿನಲ್ಲಿ ಪ್ರತಿಯೊಬ್ಬರೂ ಎರಡು ಸಂಗತಿ ತೀರ್ಮಾನಿಸಬೇಕು. ಪಾತ್ರ ಯಾವ ಬಗೆಯ ಜೀವಿಯಾಗಿ ಹುಟ್ಟಿದೆ: ಮನುಷ್ಯನೋ, ನೀಳಕಿವಿಯ ಎಲ್ಫೋ, ಗಟ್ಟಿಮುಟ್ಟಾದ ಕುಳ್ಳ ಡ್ವಾರ್ಫೋ? ಅದು ಕಲಿತ ವಿದ್ಯೆ ಯಾವುದು: ಕತ್ತಿವರಸೆಯೋ, ಮಂತ್ರವೋ, ಕಳ್ಳತನವೋ? ಮೊದಲನೆಯದಕ್ಕೆ ಇಂಗ್ಲಿಷಿನಲ್ಲಿ ರೇಸ್ ಅನ್ನುತ್ತಿದ್ದರು, ಎರಡನೆಯದು ಕ್ಲಾಸ್. ಪಾತ್ರದ ಹಾಳೆಯನ್ನು ಕನ್ನಡಕ್ಕೆ ತರಲು ಕೂತಾಗ ನಾನು ಹೆಚ್ಚು ಯೋಚಿಸದೆ ‘ಜಾತಿ’, ‘ವರ್ಗ’ ಎಂದು ಬರೆದು ಅಚ್ಚು ಹಾಕಿಸಿಬಿಟ್ಟೆ.

ಹೊಸದಾಗಿ ಆಟಕ್ಕೆ ಬಂದ ಹುಡುಗಿಯೊಬ್ಬಳು ಆ ಹಾಳೆ ತುಂಬಲು ಕೂತಳು. ಹೆಸರು ಬರೆದಳು. ‘ಜಾತಿ’ಯ ಕಾಲಂ ಹತ್ತಿರ ಪೆನ್ನು ನಿಂತಿತು. ಸ್ವಲ್ಪ ಹೊತ್ತು ಹಾಗೇ ಇದ್ದು, ತಲೆ ಎತ್ತದೆ, "ಇಲ್ಲಿ ನಂದು ಬರೀಬೇಕಾ, ಪಾತ್ರದ್ದಾ?" ಎಂದು ಮೆಲ್ಲಗೆ ಕೇಳಿದಳು. ಪಾತ್ರದ್ದು ಎಂದೆ. ‘ಅರೆ-ಆರ್ಕ್’ ಎಂದು ಬರೆದಳು, ಅಂದರೆ ಮನುಷ್ಯರಿಗೂ ಮೈಬಲಕ್ಕೆ ಹೆಸರಾದ ಒರಟು ಆರ್ಕ್‌ಗಳಿಗೂ ಹುಟ್ಟಿದ ಜೀವಿ. ವರ್ಗದ ಕಾಲಮ್ಮಿಗೂ ಅದೇ ಪ್ರಶ್ನೆ ಬಂತು. ಅಲ್ಲಿ ಅವಳು ಬರೆಯಬೇಕೆಂದಿದ್ದದ್ದು ‘ಮಾಂತ್ರಿಕಿ’. ಅರ್ಜಿ ಫಾರಂ ತುಂಬುವಾಗಿನ ಮುಜುಗರವನ್ನು ಆಟದ ಮೇಜಿಗೆ ನಾನೇ ತಂದು ಹಾಕಿದ್ದೆ. ಅಂದು ರಾತ್ರಿಯೇ ಎರಡೂ ಪದಗಳನ್ನು ತೆಗೆದುಹಾಕಿದೆ. ಅಲ್ಲಿಂದ ಈಚೆಗೆ ಸರಿಯಾದ ಜೋಡಿಪದ ಹುಡುಕುತ್ತಿದ್ದೇನೆ, ಆ ಹುಡುಕಾಟದಲ್ಲಿ ಸಿಕ್ಕಿದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲನೆಯ ಕಾಲಮ್ಮಿಗೆ ಇರುವ ಪದಗಳನ್ನು ನೋಡೋಣ. ಜನಾಂಗ ಎಂದರೆ ಮನುಷ್ಯರೊಳಗಿನ ಗುಂಪು. ಮನುಷ್ಯನನ್ನೂ ಡ್ವಾರ್ಫನ್ನೂ ಬೇರೆಬೇರೆಯಾಗಿ ಹೇಳಲು ಅದು ಒದಗದು. ಮೇಲಾಗಿ ‘ಯುವ ಜನಾಂಗ’ ಎನ್ನುವಾಗ ಅದು ತಲೆಮಾರೂ ಆಗುತ್ತದೆ. ತಳಿ ಬೆಳೆಗೆ, ದನಕ್ಕೆ ಹೇಳುವ ಮಾತು. ಬುಡಕಟ್ಟು ಎಂದೊಡನೆ ಒಂದು ಜೀವನಕ್ರಮ ಕಣ್ಣಮುಂದೆ ಬರುತ್ತದೆ, ಅರಮನೆಯಲ್ಲಿ ಹುಟ್ಟಿದ ಎಲ್ಫಿಗೆ ಅದು ಒಪ್ಪುವುದಿಲ್ಲ. ಪ್ರಭೇದ ಜೀವಶಾಸ್ತ್ರದ ಪಾಠದ್ದು.

ಎರಡನೆಯ ಕಾಲಮ್ಮಿನ ಪದಗಳು ಇನ್ನೂ ತೊಡಕಿನವು. ತರಗತಿ ಶಾಲೆಯದು. ದರ್ಜೆ ಎಂದರೆ ಮೇಲುಕೀಳಿನ ಮೆಟ್ಟಿಲು, ಆಟದಲ್ಲಿ ಅದಕ್ಕೆ ಲೆವೆಲ್ ಎಂಬ ಬೇರೆಯೇ ಕಾಲಂ ಇದೆ. ವೃತ್ತಿ ತಪ್ಪಲ್ಲ, ಆದರೆ ಕಚೇರಿಯ ವಾಸನೆ. ಕಸುಬು ಎಂದಾಗ ಮಾತ್ರ ನನಗೆ ಹಿಡಿಯಾಗಿ ಸಿಕ್ಕಿದಂತಾಯಿತು. ಕಸುಬೆಂದರೆ ಕೈಗೆ ಹತ್ತಿದ ವಿದ್ಯೆ. ದಿನವೂ ಮಾಡಿ ಪಳಗುವಂಥದ್ದು, ಕಲಿಸುವವರೊಬ್ಬರು ಇರುವಂಥದ್ದು. ಆಟದಲ್ಲಿ ಕ್ಲಾಸ್ ಎಂದರೆ ಅಕ್ಷರಶಃ ಇದೇ.

ಕಸುಬು ಸಿಕ್ಕ ಕೂಡಲೇ ಅದರ ಬೆನ್ನಿಗೇ ಇನ್ನೊಂದು ಪದ ತಾನಾಗಿ ಬಂತು: ಕುಲಕಸುಬು. ರೇಸ್ ಮತ್ತು ಕ್ಲಾಸ್ ಎರಡನ್ನೂ ಕೂಡಿಸಿ, ಇಂತಲ್ಲಿ ಹುಟ್ಟಿದವರಿಗೆ ಇಂಥದೇ ಕೆಲಸ ಎನ್ನುವ ಪದ ನಮ್ಮಲ್ಲಿ ಸಿದ್ಧವಾಗಿಯೇ ಇದೆ. ಈ ಆಟದ ಹಳೆಯ ನಿಯಮಗಳಿಗಂತೂ ಇದಕ್ಕಿಂತ ಒಳ್ಳೆಯ ಹೆಸರೇ ಇಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಮೊದಲ ನಿಯಮಗಳಲ್ಲಿ ಇದ್ದದ್ದು ಮೂರೇ ಕಸುಬು: ಕಾದಾಡುವವನು, ಮಂತ್ರ ಬಲ್ಲವನು, ದೇವರ ಸೇವಕ. ಮನುಷ್ಯನಿಗೆ ಮೂರೂ ತೆರೆದಿದ್ದವು. ಡ್ವಾರ್ಫಿಗೆ ಕಾದಾಟವೊಂದೇ, ಅದೂ 6ನೇ ಲೆವೆಲ್‌ವರೆಗೆ. ಮುಂದೆ ಹಾಫ್‌ಲಿಂಗ್ ಎಂದು ಹೆಸರಾದ ಪುಟ್ಟ ಜನಕ್ಕೂ ಕಾದಾಟವೇ, ಅವರ ದಾರಿ 4ಕ್ಕೇ ಮುಗಿಯುತ್ತಿತ್ತು. 1981ರ ಬೇಸಿಕ್ ನಿಯಮಗಳಲ್ಲಂತೂ ಡ್ವಾರ್ಫ್, ಎಲ್ಫ್, ಹಾಫ್‌ಲಿಂಗ್ ಎಂಬುವೇ ಕಸುಬಿನ ಹೆಸರುಗಳಾದವು. ಅಲ್ಲಿ ಡ್ವಾರ್ಫಾಗಿ ಹುಟ್ಟುವುದೇ ಒಂದು ಕಸುಬು!

2000ದ ಮೂರನೆಯ ಆವೃತ್ತಿ ಈ ಬೇಲಿ ಕಿತ್ತುಹಾಕಿತು. ಯಾರು ಯಾವ ಕಸುಬನ್ನಾದರೂ ಹಿಡಿಯಬಹುದು ಎಂದಾಯಿತು. ಬೇಲಿ ಹೋದರೂ ಗುರುತು ಉಳಿಯಿತು. ಅರೆ-ಆರ್ಕ್ ಆದರೆ ಬುದ್ಧಿಯಲ್ಲಿ 2 ಅಂಕ ಕಡಿತ. ಜೊತೆಗೆ ಹೆಚ್ಚಿನ ಹುಟ್ಟುಗಳಿಗೆ ಒಂದೊಂದು ನೆಚ್ಚಿನ ಕಸುಬನ್ನು ಗೊತ್ತುಮಾಡಿದ್ದರು, ಅರೆ-ಆರ್ಕಿಗೆ ಮೈಬಲದಿಂದ ಕಾದಾಡುವ ಬಾರ್ಬೇರಿಯನ್, ಎಲ್ಫಿಗೆ ಮಂತ್ರ ಕಲಿತ ವಿಜರ್ಡ್. ಹೆಸರು ಬೇರೆ, ಸಂಗತಿ ಕುಲಕಸುಬಿನದೇ.

ಹಾಗಾದರೆ ಕುಲ, ಕಸುಬು ಎಂದೇ ಕಾಲಂ ಮಾಡಬಹುದಲ್ಲ ಎಂದು ಕೇಳುವಿರಿ. ನನಗೂ ಆಸೆಯಾಗಿತ್ತು. ‘ಕ’ಕಾರದ ಪ್ರಾಸ ಬೇರೆ. ಆದರೆ ಆ ಹುಡುಗಿಯ ಪೆನ್ನು ‘ಜಾತಿ’ಯ ಹತ್ತಿರ ನಿಂತಂತೆಯೇ ‘ಕುಲ’ದ ಹತ್ತಿರವೂ ನಿಲ್ಲುತ್ತದೆ. ಕನ್ನಡದಲ್ಲಿ ಕುಲ ಕೇಳುವುದು ಎಂದರೆ ಸುಮ್ಮನೆ ವಿವರ ಕೇಳಿದಂತಲ್ಲ, ಅಳೆದಂತೆ. ಇಂಗ್ಲಿಷಿನವರೂ ಇಂಥದೇ ಕಾರಣಕ್ಕೆ ತಮ್ಮ ಪದ ಬದಲಿಸಿಕೊಂಡಿದ್ದಾರೆ. ಪಾಥ್‌ಫೈಂಡರ್ ಆಟದ ಎರಡನೆಯ ಆವೃತ್ತಿ 2019ರಲ್ಲಿ ಬಂದಾಗ ರೇಸ್ ಬಿಟ್ಟು ಪೂರ್ವಜರ ಕಡೆಯಿಂದ ಬಂದದ್ದು ಎಂಬರ್ಥದ ಆನ್ಸೆಸ್ಟ್ರಿ ಎಂದಿತು. ಡಂಜನ್ಸ್ ಅಂಡ್ ಡ್ರಾಗನ್ಸ್‌ನವರು 2022ರ ಕೊನೆಯಲ್ಲಿ ರೇಸ್ ಪದ ಕೈಬಿಡುವುದಾಗಿ ಹೇಳಿ, 2024ರ ಪುಸ್ತಕದಲ್ಲಿ ಸ್ಪೀಷೀಸ್ ಎಂದು ಅಚ್ಚುಮಾಡಿದರು. ಮೂಲದವರೇ ಬಿಟ್ಟ ಪದಕ್ಕೆ ನಾವು ಸಮಾನಪದ ಹುಡುಕುತ್ತ ಕೂರಬೇಕಿಲ್ಲ. ಸಂಗತಿಗೇ ಹೆಸರಿಟ್ಟರಾಯಿತು.

ನನ್ನ ಸೂಚನೆ ‘ಹುಟ್ಟು’. ಹುಟ್ಟು: ಅರೆ-ಆರ್ಕ್. ಕಸುಬು: ಮಾಂತ್ರಿಕಿ. ಇದರ ದೊಡ್ಡ ಅನುಕೂಲವೆಂದರೆ ಹುಟ್ಟುಗುಣ ಎಂಬ ಪದ ಜೊತೆಗೇ ಬರುತ್ತದೆ. ರೇಷಿಯಲ್ ಟ್ರೇಟ್ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದುದಕ್ಕೆ ಕನ್ನಡದಲ್ಲಿ ಹೊಸ ಪದ ಟಂಕಿಸಬೇಕಾಗಿಯೇ ಇಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆ ಎಲ್ಲರ ಬಾಯಲ್ಲಿದೆ, ಆಟದಲ್ಲೂ ಅದು ಹೋಗುವುದಿಲ್ಲ, ಯಾವ ಕಸುಬು ಹಿಡಿದರೂ ಜೊತೆಗೇ ಇರುತ್ತದೆ. ದೋಣಿಯ ಹುಟ್ಟು, ಜೇನುಹುಟ್ಟು ಎಂದೂ ಇವೆಯಲ್ಲ ಎಂದರೆ, ಹಾಳೆಯ ಮೇಲೆ ಯಾರಿಗೂ ಅವು ನೆನಪಾಗಲಾರವು.

ಈ ಪದಗಳು ಕೆಲಸಕ್ಕೆ ಬರುತ್ತವೆಯೇ ಎಂದು ತಿಳಿಯಲು ಅದೇ ಹುಡುಗಿಯ ಅರೆ-ಆರ್ಕ್ ಮಾಂತ್ರಿಕಿಯನ್ನು 2014ರ ನಿಯಮದಲ್ಲಿ ಕನ್ನಡದಲ್ಲೇ ಕಟ್ಟಿ ನೋಡಿದೆವು. ಪಾತ್ರವನ್ನು ‘ಕಟ್ಟುವುದು’ ಎಂಬ ಕ್ರಿಯಾಪದದಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಮನೆ ಕಟ್ಟು, ಹಾಡು ಕಟ್ಟು, ವೇಷ ಕಟ್ಟು ಎಲ್ಲದರ ಛಾಯೆಯೂ ಅದರಲ್ಲಿದೆ.

ಪಾತ್ರದ ಆರು ಸಾಮರ್ಥ್ಯಗಳಿಗೆ ಹಂಚಲು ಇರುವ ಅಂಕಗಳು 15, 14, 13, 12, 10, 8. ಮಾಂತ್ರಿಕಿಗೆ ಬೇಕಾದದ್ದು ಬುದ್ಧಿ, ಅಲ್ಲಿಗೆ 15. ಚುರುಕಿಗೆ 14. ಅರೆ-ಆರ್ಕ್ ಹುಟ್ಟು ಕೊಡುವುದು ಬಲಕ್ಕೆ 2, ತಾಳಿಕೆಗೆ 1. ಹಾಗಾಗಿ ತಾಳಿಕೆಗೆ 13 ಇಟ್ಟರೆ 14 ಆಗುತ್ತದೆ, ಬಲಕ್ಕೆ ಕೊನೆಯ 8 ಇಟ್ಟರೆ 10. ವಿವೇಕಕ್ಕೆ 12, ವರ್ಚಸ್ಸಿಗೆ 10. ಇದೇ ಕಸುಬನ್ನು ನೋಮ್ ಎಂಬ ಪುಟ್ಟ ಜಾಣ ಜೀವಿ ಹಿಡಿದಿದ್ದರೆ ಹುಟ್ಟಿನಿಂದಲೇ ಬುದ್ಧಿಗೆ 2 ಸೇರಿ 17 ಆಗುತ್ತಿತ್ತು. ದಾಳಕ್ಕೆ ಕೂಡಿಸುವ ಲೆಕ್ಕದಲ್ಲಿ 15ಕ್ಕೆ 2 ಸಿಗುತ್ತದೆ, 17ಕ್ಕೆ 3. ವ್ಯತ್ಯಾಸ 1. ಇಪ್ಪತ್ತು ಮುಖದ ದಾಳದಲ್ಲಿ ಅದು ನೂರಕ್ಕೆ 5ರಷ್ಟು. ಕುಲಕಸುಬು ಬಿಟ್ಟದ್ದಕ್ಕೆ ತೆರುವ ದಂಡ ಇಷ್ಟೇ.

ಇದಕ್ಕೆ ಬದಲಾಗಿ ಬರುವುದನ್ನು ನೋಡಿ. ಮಾಂತ್ರಿಕರ ಜೀವ ತೆಳು, ಮೊದಲ ಲೆವೆಲ್ಲಿನಲ್ಲಿ 6 ಹಿಟ್ ಪಾಯಿಂಟು (ಏಟು ಬಿದ್ದಂತೆ ಇಳಿಯುವ ಜೀವದ ಅಂಕ) ಮತ್ತು ತಾಳಿಕೆಯಿಂದ 2. ಒಂದು ಕೊಡಲಿ ಏಟಿಗೆ ನೆಲ ಹಿಡಿಯುವಷ್ಟು. ಆದರೆ ಅರೆ-ಆರ್ಕಿಗೆ ಒಂದು ಹುಟ್ಟುಗುಣವಿದೆ: ಹಿಟ್ ಪಾಯಿಂಟು ಸೊನ್ನೆಗೆ ಇಳಿಯಬೇಕಾದ ಕಡೆ, ಅಲ್ಲೇ ಸತ್ತುಹೋಗುವಂಥ ಏಟಲ್ಲದಿದ್ದರೆ, 1ರಲ್ಲಿ ನಿಲ್ಲುತ್ತಾಳೆ. ದೀರ್ಘ ವಿಶ್ರಾಂತಿ ಆಗುವವರೆಗೆ ಒಂದು ಸಲ ಮಾತ್ರ. ಪ್ರಜ್ಞೆ ತಪ್ಪಲಿಲ್ಲವಾದ್ದರಿಂದ ಏಕಾಗ್ರತೆಯಿಂದ ಹಿಡಿದಿಟ್ಟ ಮಂತ್ರವನ್ನು ಉಳಿಸಿಕೊಳ್ಳಲು ಇನ್ನೊಂದು ದಾಳ ಹಾಕುವ ಅವಕಾಶವೂ ಸಿಗುತ್ತದೆ. ನಮ್ಮ ಮೂರನೆಯ ಆಟದಲ್ಲಿ ಆದದ್ದೇ ಇದು. ಎಲ್ಲರೂ ಅವಳು ಬಿದ್ದಳು ಅಂದುಕೊಂಡೆವು. ಅವಳು ಹಾಳೆಯ ಮೇಲೆ ಬೆರಳಿಟ್ಟು "ಹುಟ್ಟುಗುಣ" ಎಂದಳು. ಒಂದೇ ಪದ. ಯಾರೂ ಅರ್ಥ ಕೇಳಲಿಲ್ಲ.

ಬೆಟ್ಟದ (ಮೌಂಟನ್) ಡ್ವಾರ್ಫ್ ಮಾಂತ್ರಿಕನದೂ ಹೀಗೆಯೇ. ಮಾಂತ್ರಿಕರಿಗೆ ಇಲ್ಲದ ಕವಚದ ಅಭ್ಯಾಸ ಅವನಿಗೆ ಹುಟ್ಟಿನಿಂದ ಬಂದಿರುತ್ತದೆ. ನೋಮ್ ಬಾರ್ಬೇರಿಯನ್ ತೂಕದ ಆಯುಧ ಸಲೀಸಾಗಿ ಬೀಸಲಾರ, ಆದರೆ ಮನಸ್ಸಿನ ಮೇಲೆ ಬೀಳುವ ಮಂತ್ರಗಳನ್ನು ಬೇರೆ ಬಾರ್ಬೇರಿಯನ್ನರಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತಾನೆ. (ಬಾರ್ಬೇರಿಯನ್ನರ ರೇಜ್‌ಗೆ ‘ರೊಚ್ಚು’ ಬಳಸುತ್ತಿದ್ದೇವೆ. ಕ್ರೋಧ, ಆವೇಶಗಳಿಗಿಂತ ‘ರೊಚ್ಚಿಗೆದ್ದೆ’ ಅನ್ನುವುದು ಮೇಜಿನ ಮೇಲೆ ಎಷ್ಟು ಚೆನ್ನಾಗಿ ಕೇಳುತ್ತದೆ ಎಂದರೆ, ಆ ಪದವನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.)

ಈಗ ನನ್ನ ಮುಖ್ಯ ಪ್ರಶ್ನೆ. ರೂಢಿಯ ಜೋಡಿಗೆ ಕುಲಕಸುಬು ಎಂಬ ಹೆಸರಿದೆ. ರೂಢಿ ತಪ್ಪಿದ ಈ ಜೋಡಿಗೆ ಏನನ್ನೋಣ?

ಒಬ್ಬ ಗೆಳೆಯ ‘ಅಡ್ಡಕಸುಬಿ’ ಎಂದ. ಪದವೇನೋ ನಮ್ಮದೇ, ಕಸುಬು ಅದರೊಳಗೇ ಇದೆ. ಆದರೆ ಅಡ್ಡಕಸುಬಿ ಎಂದರೆ ತನಗೆ ಒಗ್ಗದ ಕೆಲಸಕ್ಕೆ ಕೈಹಾಕಿ ಅರೆಬರೆ ಮಾಡುವವನು. ಇದು ಬೈಗುಳ. ಈ ಮಾಂತ್ರಿಕಿಯಾದರೋ ಕಸುಬನ್ನು ಅರೆಬರೆ ಕಲಿತವಳಲ್ಲ, ನೋಮ್ ಮಾಂತ್ರಿಕನಷ್ಟೇ ಓದಿದ್ದಾಳೆ. ಬೇರೆಲ್ಲೋ ಹುಟ್ಟಿದಳೆಂಬ ಒಂದೇ ಕಾರಣಕ್ಕೆ ಅವಳನ್ನು ಅಡ್ಡಕಸುಬಿ ಎಂದರೆ, ಬೇಲಿ ಕಿತ್ತ ಮೇಲೂ ಬೇಲಿಯ ಪರ ಮಾತಾಡಿದಂತೆ. ಬೈಗುಳವನ್ನೇ ಬಿರುದಾಗಿ ತೊಟ್ಟುಕೊಳ್ಳೋಣ ಎಂಬ ವಾದವೂ ಬಂತು. ನನಗೆ ಒಪ್ಪಿಗೆಯಾಗಲಿಲ್ಲ.

ಉಪಕಸುಬು ಎಂಬುದು ಬೇರೆ ಕೆಲಸಕ್ಕೆ ಬೇಕು. ಕೃಷಿಗೆ ಹೈನುಗಾರಿಕೆ ಉಪಕಸುಬು ಎನ್ನುತ್ತೇವಲ್ಲ, ಹಾಗೆ ಒಂದು ಕಸುಬಿನ ಜೊತೆ ಇನ್ನೊಂದನ್ನು ಹಿಡಿಯುವ ಮಲ್ಟಿಕ್ಲಾಸ್‌ಗೆ ಅದು ಸರಿ. ಸಬ್‌ಕ್ಲಾಸ್‌ಗೆ ಉಪಕಸುಬು ಎಂದು ಕೆಲವರು ಬಳಸುವುದನ್ನು ಕೇಳಿದ್ದೇನೆ. ಅದು ತಪ್ಪು ಗ್ರಹಿಕೆ ಕೊಡುತ್ತದೆ. ಅಲ್ಲಿರುವುದು ಒಂದೇ ಕಸುಬಿನ ಒಳಗಿನ ‘ಕವಲು’.

ನನ್ನ ಮನಸ್ಸು ಸದ್ಯ ಇರುವುದು ‘ಹಿಡಿದ ಕಸುಬು’ ಎಂಬುದರ ಮೇಲೆ. ಬಂದ ಕಸುಬು, ಹಿಡಿದ ಕಸುಬು ಎಂದು ಎರಡನ್ನು ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕ್ರಿಯಾಪದದಲ್ಲೇ ಕಾಣುತ್ತದೆ. ಒಂದು ತಾನಾಗಿ ಬಂದದ್ದು, ಇನ್ನೊಂದಕ್ಕೆ ಕೈಚಾಚಬೇಕು. ‘ಒಲಿದ ಕಸುಬು’ ಎಂದರೆ ಇನ್ನೂ ಮುದ್ದಾಗಿದೆ. ಆದರೆ ಒಲಿಯುವುದು ಕಸುಬಿನ ಕೃಪೆಯಾಗುತ್ತದೆ, ಪಾತ್ರದ ಹಟ ಅದರಲ್ಲಿ ಕಾಣುವುದಿಲ್ಲ.

‘ಹುಟ್ಟು’ ಪದಕ್ಕಿರುವ ಒಂದು ತೊಡಕನ್ನೂ ಹೇಳಬೇಕು. ಈ ಆಟದಲ್ಲಿ ಗ್ರಂಥ ಓದಿ ಮಂತ್ರ ಕಲಿತವರು ವಿಜರ್ಡ್, ಮಂತ್ರಶಕ್ತಿ ಮೈಯಲ್ಲೇ ಇರುವವರು ಸಾರ್ಸರರ್. ಎರಡನೆಯವರನ್ನು ‘ಹುಟ್ಟು ಮಾಂತ್ರಿಕ’ ಎನ್ನುವುದು ಸಹಜ, ಹುಟ್ಟು ಹೋರಾಟಗಾರ ಎಂದಂತೆ. ಆದರೆ ಆಗ ಹುಟ್ಟು ಎಂಬ ಪದ ಕಸುಬಿನ ಕಾಲಮ್ಮಿಗೂ ದಾಟಿಬಿಡುತ್ತದೆ. ಜೊತೆಗೆ, 2024ರ ನಿಯಮಗಳಲ್ಲಿ ಅಂಕ ಏರಿಸುವ ಕೆಲಸ ಹುಟ್ಟಿನಿಂದ ಪಾತ್ರದ ಹಿನ್ನೆಲೆಗೆ ಹೋಗಿದೆ, ಅರೆ-ಆರ್ಕ್ ಹೋಗಿ ಪೂರ್ತಿ ಆರ್ಕ್ ಬಂದಿದೆ. 1ರಲ್ಲಿ ನಿಲ್ಲುವ ಗುಣ ಮಾತ್ರ ಆರ್ಕಿನಲ್ಲಿ ಹಾಗೇ ಇದೆ, ಆದ್ದರಿಂದ ಹುಟ್ಟುಗುಣ ಪದಕ್ಕೆ ಧಕ್ಕೆಯಿಲ್ಲ.

ಬಲ್ಲವರು ಮೂರು ವಿಷಯಕ್ಕೆ ಉತ್ತರಿಸಿದರೆ ಉಪಕಾರವಾಗುತ್ತದೆ. ಸಾರ್ಸರರ್‌ಗೆ ಹುಟ್ಟು ಸೇರದ ಬೇರೆ ಪದ ಹೊಳೆಯುತ್ತದೆಯೇ? ನಿಮ್ಮ ಕಡೆಯ ಮಾತಿನಲ್ಲಿ ಅಡ್ಡಕಸುಬಿಗೆ ಬೈಗುಳವಲ್ಲದ ಬಳಕೆ ಇದೆಯೇ? ಮತ್ತು ‘ಹಿಡಿದ ಕಸುಬಿನವಳು’ ಎನ್ನುವುದು ಉದ್ದವಾಯಿತು ಎನ್ನಿಸಿದರೆ, ಅವಳನ್ನು ಒಂದೇ ಪದದಲ್ಲಿ ಕರೆಯುವುದು ಹೇಗೆ? ಹೊಸ ಹಾಳೆ ಅಚ್ಚಿಗೆ ಹೋಗುವ ಮೊದಲು ನಿಮ್ಮ ಮಾತು ಕೇಳಬೇಕು ಎಂದಿದ್ದೇನೆ.