‘ಅಜ್ಜಿ ಮನೆ’ ಗುಂಪಿನಲ್ಲಿ ದೀಪದ ಹುಡುಗಿ

ಅತ್ತೆ (ಫಾರ್ವರ್ಡ್): 🪔 ರಾಜಾ ರವಿವರ್ಮರ ಅಮರ ಚಿತ್ರ! ದೀಪವೇ ಆತ್ಮ, ಐದು ಬೆರಳು ಪಂಚೇಂದ್ರಿಯ, ಹಿಂದಿನ ಕತ್ತಲೆ ಮಾಯೆ. ಹನ್ನೊಂದು ಜನಕ್ಕೆ ಕಳಿಸಿ, ಶುಭವಾಗುತ್ತದೆ.

ಚಿಕ್ಕಪ್ಪ: 🙏🙏

ನಾನು: ಅತ್ತೆ, ಇದು ರವಿವರ್ಮರದ್ದಲ್ಲ, ಅವರು 1906ರಲ್ಲೇ ತೀರಿಕೊಂಡ್ರು. ಬರೆದದ್ದು ಎಸ್. ಎಲ್. ಹಲ್ದಂಕರ್. ‘ಗ್ಲೋ ಆಫ್ ಹೋಪ್’ ಅಂತ ಹೆಸರು, ನಮ್ಮ ಮೈಸೂರಿನ ಜಗನ್ಮೋಹನ ಅರಮನೆಯಲ್ಲೇ ಇದೆ. ಪಂಚೇಂದ್ರಿಯ ಅಂತ ಯಾರು ಹೇಳಿದ್ದು?

ದೊಡ್ಡಪ್ಪ: ಎಲ್ಲದಕ್ಕೂ ಆಧಾರ ಕೇಳಬಾರದಮ್ಮ. ದೀಪ ಅಂದ್ರೆ ಜ್ಞಾನ, ಹಿರಿಯರು ಹೇಳಿದ ಮಾತು. ನಿಮ್ಮ ಕಾಲಕ್ಕೆ ಸಂಜೆ ದೀಪ ಹಚ್ಚೋದೇ ತಪ್ಪಿಹೋಗಿದೆ.

ನಾನು: ದೀಪ ಅಂದ್ರೆ ಜ್ಞಾನ, ಒಪ್ತೀನಿ ದೊಡ್ಡಪ್ಪ. ಆದ್ರೆ ಅರ್ಥ ಹೇಳೋಕೆ ಮುಂಚೆ ಆ ಬೆರಳು ನೋಡಿ. ಗಾಳಿಗೆ ಆರದ ಹಾಗೆ ಅಂಗೈ ಅಡ್ಡ ಹಿಡಿದಿದ್ದಾಳೆ, ಸಂದಿಯಲ್ಲೆಲ್ಲ ಬೆಳಕು ತೂರಿ ಅಂಚು ಕೆಂಪಗಾಗಿದೆ. ಅದು ಜಲವರ್ಣ. ತಪ್ಪಿದ್ರೆ ತೈಲವರ್ಣದ ಹಾಗೆ ಮೇಲೆ ಬಳಿದು ಮುಚ್ಚೋಕಾಗಲ್ಲ. ರೂಪದರ್ಶಿ ಹಲ್ದಂಕರ್ ಅವರ ಮಗಳು ಗೀತಾ. ಒಬ್ಬ ಅಪ್ಪ ಮಗಳ ಕೈಯನ್ನ ಅಷ್ಟು ಹತ್ತಿರದಿಂದ ನೋಡಿದ್ದಾನೆ. ನನಗೆ ಅದೇ ಅದರ ಅರ್ಥ.

ಭಾವ: ಅಜ್ಜಿ ಜೊತೆ ದಸರಾ ರಜೇಲಿ ಅರಮನೇಲಿ ಈ ಚಿತ್ರ ನೋಡೋಕೆ ಹೋಗಿದ್ವಲ್ಲ, ಆ ಕತ್ತಲೆ ಕೋಣೆ! ಆವತ್ತು ರಾತ್ರಿ ಕರೆಂಟ್ ಹೋದಾಗ ಅಜ್ಜಿ ಬುಡ್ಡಿ ದೀಪಕ್ಕೆ ಕೈ ಅಡ್ಡ ಹಿಡಿದು, ‘ನೋಡ್ರೋ, ನಂದೂ ಕೆಂಪಗಿದೆ’ ಅಂದಿದ್ರು.

ಅತ್ತೆ: ಅಜ್ಜಿ ಅಂದ್ಯಲ್ಲ, ಅಮ್ಮನ ಹಜಾರದಲ್ಲಿ ಇದೇ ಪಟ ಇತ್ತು. ಮನೆ ಮಾರಿದ ದಿನ ಯಾರು ತಗೊಂಡ್ರು? ನನ್ನನ್ನ ಒಂದು ಮಾತೂ ಕೇಳಲಿಲ್ಲ.

ದೊಡ್ಡಪ್ಪ: ಆ ವಿಷಯ ಇಲ್ಲಿ ಬೇಡ.

ಅತ್ತೆ: ಯಾಕೆ ಬೇಡ? ನೀನೇ ಅಲ್ವಾ ಅಣ್ಣ, ಅವಳಿಗೆ ಹಳೇ ಸಾಮಾನು ಯಾಕೆ ಅಂದಿದ್ದು?

ಚಿಕ್ಕಪ್ಪ: ನಮ್ಮನೆ ಅಟ್ಟದ ಮೇಲಿದೆ ಅಕ್ಕ. ಸಾಗಿಸುವಾಗ ಗಾಜು ಒಡೀತು, ಹೇಳೋಕೆ ಬಾಯಿ ಬರಲಿಲ್ಲ.

ಅತ್ತೆ: ಹನ್ನೆರಡು ವರ್ಷ!

ದೊಡ್ಡಪ್ಪ: ಪಟ ಯಾರ ಹತ್ರ ಇದ್ರೇನು, ಭಕ್ತಿ ಮುಖ್ಯ.

ನಾನು: ಅತ್ತೆ, ಆ ಗೀತಾ ಉಪಳೇಕರ್ 102 ವರ್ಷ ಬದುಕಿ 2018ರಲ್ಲಿ ಕೊಲ್ಹಾಪುರದಲ್ಲಿ ತೀರಿಕೊಂಡ್ರು. ಫಾರ್ವರ್ಡಲ್ಲಿ ಅವರ ಹೆಸರೂ ಇಲ್ಲ, ಅವರಪ್ಪನ ಹೆಸರೂ ಇಲ್ಲ. ನನ್ನ ಸಂಕಟ ಅಷ್ಟೇ.

ಅತ್ತೆ: ಆಗಲಮ್ಮ, ಹೆಸರು ಸೇರಿಸಿ ಕಳಿಸ್ತೀನಿ. ತಮ್ಮಾ, ಭಾನುವಾರ ಪಟ ತಗೊಂಡ್ಬಾ. ಗಾಜು ನಾನು ಹಾಕಿಸ್ಕೋತೀನಿ.