ದೇವಿಮನೆ ಘಟ್ಟ ಇಳಿಯುವಾಗ ಅಂಬಾಸಡರ್ ಬ್ರೇಕ್ ಪೆಡಲ್ ಕೆಳಗೆ ಹೋಗುತ್ತದೆ, ಎಡಕ್ಕೂ ಎಳೆಯುತ್ತದೆ

ಕೋಡಿಬಾಗ ಅಂಬಿ:
ಎಲ್ಲರಿಗೂ ನಮಸ್ಕಾರ. ನಮ್ಮದು 1978ರ ಅಂಬಾಸಡರ್ ಮಾರ್ಕ್ 3, ಅಪ್ಪ ಓಡಿಸುತ್ತಿದ್ದ ಗಾಡಿ. ನಾಲ್ಕೂ ಗಾಲಿಗೆ ಡ್ರಮ್ ಬ್ರೇಕ್, ಪೆಡಲ್ ಒತ್ತಲು ನೆರವಾಗುವ ಬೂಸ್ಟರ್ ಇಲ್ಲ. ಮಳೆಗಾಲಕ್ಕೆ ಮುಂಚೆ ಮುಂದಿನ ಡ್ರಮ್‌ಗಳಲ್ಲಿ ಗೀರು ಬಿದ್ದಿತ್ತು. ಎರಡನ್ನೂ ಲೇತ್‌ಗೆ ಕೊಟ್ಟು ಕಡೆಸಿದೆ, ಡ್ರಮ್ಮಿಗೆ ಒಳಗಿನಿಂದ ಒತ್ತಿ ಗಾಡಿ ನಿಲ್ಲಿಸುವ ಶೂಗಳನ್ನೂ ಹೊಸದು ಹಾಕಿಸಿದೆ.

ಮೊನ್ನೆ ಶಿರಸಿಯಿಂದ ಕುಮಟಾ ಮೇಲೆ ಕಾರವಾರಕ್ಕೆ ಬರುತ್ತಿದ್ದೆವು. ಮನೆಯವರೆಲ್ಲ ಇದ್ದರು, ಡಿಕ್ಕಿಯಲ್ಲಿ ಎರಡು ಬಾಳೆಗೊನೆ. ದೇವಿಮನೆ ಘಟ್ಟದ ಅರ್ಧ ಇಳಿಯುವಷ್ಟರಲ್ಲಿ ಪೆಡಲ್ ನೆಲದ ಹತ್ತಿರ ಹೋಗತೊಡಗಿತು. ಕತಗಾಲ ಮುಟ್ಟುವವರೆಗೆ ಜೀವ ಕೈಯಲ್ಲಿತ್ತು. ಜೊತೆಗೆ ಬ್ರೇಕ್ ಒತ್ತಿದಾಗೆಲ್ಲ ಗಾಡಿ ಎಡಕ್ಕೆ ಎಳೆಯುತ್ತದೆ, ಸಪಾಟು ರಸ್ತೆಯಲ್ಲೂ. ಗ್ಯಾರೇಜಿನವರು "ಹಳೇ ಗಾಡಿ, ಬ್ರೇಕ್ ಇಷ್ಟೇ, ಬೂಸ್ಟರ್ ಹಾಕಿಸಿ" ಅಂದರು. ಹಾಕಿಸಬೇಕಾ?

ಕುಮಟಾ ಸ್ಪ್ಯಾನರ್:
ಬೂಸ್ಟರ್ ಮಾತು ಆಮೇಲೆ. ಮೊದಲು ಮೂರು ವಿಷಯ ಹೇಳಿ. ಪೆಡಲ್ ಕೆಳಗೆ ಹೋದಾಗ ಎರಡು ಸಲ ಪಂಪ್ ಹೊಡೆದರೆ ಗಟ್ಟಿಯಾಗುತ್ತಿತ್ತಾ, ಇಲ್ಲ ಸ್ಪಂಜ್ ಒತ್ತಿದ ಹಾಗೆ ಇತ್ತಾ? ಬ್ರೇಕ್ ಆಯಿಲ್ ಬದಲಿಸಿ ಎಷ್ಟು ದಿನ ಆಯಿತು? ಯಾವ ಗೇರಿನಲ್ಲಿ ಇಳಿದಿರಿ?

ಕೋಡಿಬಾಗ ಅಂಬಿ:
ಶುರುವಿನಲ್ಲಿ ಎರಡನೇ ಸಲಕ್ಕೆ ಗಟ್ಟಿಯಾಗುತ್ತಿತ್ತು. ಕೊನೆಗೆ ಸ್ವಲ್ಪ ಮೆತ್ತಗೂ ಆಯಿತು. ಸುಟ್ಟ ವಾಸನೆ ಜೋರಾಗಿತ್ತು. ತಣ್ಣಗಾದ ಮೇಲೆ ಮೊದಲಿನ ಹಾಗೇ. ಆಯಿಲ್ ಬದಲಿಸಿಲ್ಲ, ಕಡಿಮೆಯಾದಾಗ ಸುರಿದಿದ್ದಷ್ಟೇ. ಕಷಾಯದ ಬಣ್ಣ ಬಂದಿದೆ. ಇಳಿದದ್ದು ಮೂರನೇ ಗೇರಿನಲ್ಲಿ.

ಕುಮಟಾ ಸ್ಪ್ಯಾನರ್:
ಹಾಗಾದರೆ ಎರಡು ತೊಂದರೆ ಒಟ್ಟಿಗೆ ಇವೆ.

ಮೊದಲನೆಯದು ಶೂ ಮತ್ತು ಡ್ರಮ್ಮಿನ ಹೊಂದಾಣಿಕೆ. ಡ್ರಮ್ ಕಡೆದಾಗ ಅದರ ಒಳಸುತ್ತು ದೊಡ್ಡದಾಗುತ್ತದೆ. ಅಂಗಡಿಯಿಂದ ತಂದ ಶೂ ಮಾತ್ರ ಹಳೇ ಅಳತೆಯ ಬಾಗಿನಲ್ಲೇ ಇರುತ್ತದೆ. ಆಗ ಶೂವಿನ ನಡುಭಾಗ ಮಾತ್ರ ಡ್ರಮ್ಮಿಗೆ ತಾಗುತ್ತದೆ, ಎರಡೂ ತುದಿ ಗಾಳಿಯಲ್ಲಿ. ಇಡೀ ಗಾಡಿಯನ್ನು ಹಿಡಿಯುವ ಕೆಲಸ ಆ ಅಂಗೈಯಗಲ ಜಾಗಕ್ಕೆ ಬೀಳುತ್ತದೆ. ಅದು ಸುಟ್ಟು ಗಾಜಿನ ಹಾಗೆ ಹೊಳಪಾಗುತ್ತದೆ, ಆಮೇಲೆ ಹಿಡಿತವೇ ಇರುವುದಿಲ್ಲ. ಇತ್ತ ಬಿಸಿಗೆ ಡ್ರಮ್ ಹಿಗ್ಗಿ ಶೂವಿನಿಂದ ದೂರ ಹೋಗುತ್ತದೆ. ಆ ಸಂದು ತುಂಬಲು ಪೆಡಲ್ ಇನ್ನೂ ಕೆಳಗೆ ಹೋಗಬೇಕು. ಪಂಪ್ ಹೊಡೆದರೆ ಗಟ್ಟಿಯಾಗುತ್ತಿದ್ದದ್ದು ಇದಕ್ಕೇ.

ನೋಡುವುದು ಸುಲಭ. ಡ್ರಮ್ ಬಿಚ್ಚಿ ಒಳಗೆ ಸೀಮೆಸುಣ್ಣ ಬಳಿಯಿರಿ. ಶೂವನ್ನು ಕೈಯಲ್ಲಿ ಹಿಡಿದು ಒಳಸುತ್ತಿಗೆ ಒತ್ತಿ ಉಜ್ಜಿ. ಬಿಳಿ ಎಲ್ಲೆಲ್ಲಿ ಅಂಟಿದೆ ನೋಡಿ. ನಡುವೆ ಮಾತ್ರ ಅಂಟಿದರೆ ಶೂ ತೆಗೆದುಕೊಂಡು ಲೈನರ್ (ಶೂ ಮೇಲಿನ ಉಜ್ಜುವ ಪಟ್ಟಿ) ಹೊಡೆಯುವವರ ಹತ್ತಿರ ಹೋಗಿ, ಡ್ರಮ್ಮನ್ನೂ ಒಯ್ಯಿರಿ. ಡ್ರಮ್ಮಿನ ಬಾಗಿಗೆ ಸರಿಯಾಗಿ ಶೂ ಅರೆದು ಕೊಡಿ ಅಂತ ಕೇಳಿ. ತುದಿಯಿಂದ ತುದಿಗೆ ಬಿಳಿ ಅಂಟುವವರೆಗೆ ಬಿಡಬೇಡಿ. ಎರಡೂ ಡ್ರಮ್ ಒಂದೇ ಅಳತೆಗೆ ಕಡೆದಿದ್ದಾರಾ ಅಂತಲೂ ಅಳೆಸಿ.

ಒಂದು ಎಚ್ಚರಿಕೆ, ದಯವಿಟ್ಟು ಮರೆಯಬೇಡಿ. ಹಳೇ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಬಾಯಿಂದ ಊದಲೂಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಮಾಸ್ಕ್ ಹಾಕಿಕೊಳ್ಳಿ.

ಎರಡನೆಯದು ಆಯಿಲ್. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಕರಾವಳಿಯಲ್ಲಂತೂ ಕೇಳುವುದೇ ಬೇಡ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕಡಿಮೆಯೆಂದರೂ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಲೆಕ್ಕ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ಆಯಿಲ್ ಕುದಿದರೆ ಆವಿಯ ಗುಳ್ಳೆ ಬರುತ್ತದೆ, ಪೆಡಲ್ ಮೆತ್ತಗಾಗುತ್ತದೆ. ಕೊನೆಗೆ ನಿಮಗಾದದ್ದು ಅದೇ. ಪೂರ್ತಿ ತೆಗೆದು ಹೊಸ ಡಾಟ್ 4 ಹಾಕಿ. ಪೈಪಿನೊಳಗೆ ಸೇರಿದ ಏರ್ ತೆಗೆಯುವಾಗ ದೂರದ ಹಿಂದಿನ ಎಡ ಗಾಲಿಯಿಂದ ಶುರು ಮಾಡಿ. ಡಾಟ್ 5 ಸಿಲಿಕೋನ್ ಆಯಿಲ್, ಅದನ್ನು ಇದಕ್ಕೆ ಬೆರೆಸಲೇಬಾರದು.

ಶಿರಸಿ ಪದ್ಮಿನಿ:
ಎಡಕ್ಕೆ ಎಳೆಯುವ ಬಗ್ಗೆ ನಾನು ಹೇಳುತ್ತೇನೆ. ಎಡಕ್ಕೆ ಎಳೆದರೆ ಎಲ್ಲರೂ ಎಡ ಗಾಲಿ ಬಿಚ್ಚುತ್ತಾರೆ. ಮಾರಾಯ್ರೆ, ಎಡದ್ದು ಹಿಡಿಯುತ್ತಿದೆ, ಅದಕ್ಕೇ ಅಲ್ವಾ ಅತ್ತ ಎಳೆಯುವುದು! ಕೆಲಸ ಮಾಡದೆ ಇರುವುದು ಬಲದ್ದು. ಸಪಾಟು ರಸ್ತೆಯಲ್ಲಿ ನಾಲ್ಕೈದು ಸಲ ಬ್ರೇಕ್ ಹಾಕಿ ನಿಲ್ಲಿಸಿ, ಗಾಲಿಗಳ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಬಲ ಮುಂದಿನದು ತಣ್ಣಗಿದ್ದರೆ ಖಾತ್ರಿ.

ಆಯಿಲ್ ಒತ್ತಡಕ್ಕೆ ಶೂವನ್ನು ತಳ್ಳುವುದು ವೀಲ್ ಸಿಲಿಂಡರ್. ಅಂಬಾಸಡರ್‌ನ ಮುಂದಿನ ಒಂದೊಂದು ಗಾಲಿಗೂ ಅವು ಎರಡೆರಡು, ಒಂದೊಂದು ಶೂವಿಗೆ ಒಂದು. ಹಾಗಾಗಿ ಗಾಡಿ ಮುಂದೆ ಹೋಗುವಾಗ ಡ್ರಮ್ಮಿನ ತಿರುಗುವಿಕೆಯೇ ಎರಡೂ ಶೂಗಳನ್ನು ಒಳಗೆ ಎಳೆದುಕೊಂಡು ಇನ್ನಷ್ಟು ಬಿಗಿ ಮಾಡುತ್ತದೆ. ಸರಿಯಾಗಿದ್ದರೆ ಅಷ್ಟು ಒಳ್ಳೆ ಬ್ರೇಕ್ ಅದು. ಆದರೆ ಒಂದು ಸಿಲಿಂಡರ್ ತುಕ್ಕಿಗೆ ಹಿಡಿದುಕೊಂಡರೆ ಆ ಗಾಲಿಯ ಅರ್ಧ ಬ್ರೇಕ್ ಹೋಯಿತು. ಸಮುದ್ರದ ಉಪ್ಪುಗಾಳಿಗೆ ಇದು ಬೇಗ ಆಗುತ್ತದೆ. ಡಸ್ಟ್ ಕವರ್ ಎತ್ತಿ ನೋಡಿ. ಒಳಗೆ ಒದ್ದೆಯಿದ್ದರೆ ಸೋರುತ್ತಿದೆ. ಆಯಿಲ್ ಕುಡಿದ ಶೂ ಮತ್ತೆ ಉಪಯೋಗಕ್ಕಿಲ್ಲ.

ಸಿಲಿಂಡರಿನ ರಬ್ಬರ್ ಕಿಟ್ ಬದಲಿಸುವಾಗ ಪೆಟ್ರೋಲ್, ಸೀಮೆಎಣ್ಣೆ ಹತ್ತಿರವೂ ತರಬೇಡಿ. ನಾನು ಒಮ್ಮೆ ಪೆಟ್ರೋಲಿನಲ್ಲಿ ತೊಳೆದು, ರಬ್ಬರ್ ಎಲ್ಲ ಉಬ್ಬಿ, ಬ್ರೇಕ್ ಬಿಡದೆ ಯಲ್ಲಾಪುರ ರಸ್ತೆಯಲ್ಲಿ ಸಂಜೆಯವರೆಗೆ ಕೂತಿದ್ದೆ. ಹೊಸ ಬ್ರೇಕ್ ಆಯಿಲ್‌ನಲ್ಲೇ ತೊಳೆಯಬೇಕು.

ಸಿಲಿಂಡರ್ ಸರಿಯಿದ್ದರೆ ಗಾಲಿಗೆ ಆಯಿಲ್ ಒಯ್ಯುವ ಹೋಸ್ ಪೈಪ್ ನೋಡಿ. ಹೊರಗೆ ಚೆನ್ನಾಗಿ ಕಂಡರೂ ಹಳೇ ರಬ್ಬರ್ ಒಳಗೆ ಊದಿ ದಾರಿ ಕಟ್ಟಿರುತ್ತದೆ.

ಕೋಡಿಬಾಗ ಅಂಬಿ:
ಎರಡು ಭಾನುವಾರ ಕೂತು ಬಿಚ್ಚಿದೆ. ನೀವಿಬ್ಬರೂ ಹೇಳಿದ್ದು ಸರಿ. ಸೀಮೆಸುಣ್ಣ ನಡುವೆ ಮೂರು ಬೆರಳಷ್ಟು ಅಗಲ ಮಾತ್ರ ಅಂಟಿತು. ಬಲಗಡೆ ಕೆಳಗಿನ ಸಿಲಿಂಡರಿನ ಪಿಸ್ಟನ್ ಅಲ್ಲಾಡಲೇ ಇಲ್ಲ, ಒಳಗೆ ಗುಳಿ ಬಿದ್ದಿದೆ. ಹೊಸ ಸಿಲಿಂಡರ್ ತರಿಸಿದೆ. ಶೂ ಅರೆಸಿದೆ, ಆಯಿಲ್ ಬದಲಿಸಿದೆ. ಈಗ ನೇರ ನಿಲ್ಲುತ್ತದೆ, ಎಳೆತ ಪೂರ್ತಿ ಹೋಯಿತು. ಪೆಡಲ್ ಮಾತ್ರ ಇನ್ನೂ ಒಂದಿಷ್ಟು ಕೆಳಗಿದೆ.

ಕುಮಟಾ ಸ್ಪ್ಯಾನರ್:
ಅಡ್ಜಸ್ಟ್‌ಮೆಂಟ್ ಉಳಿದಿರಬೇಕು. ಶೂ ಮತ್ತು ಡ್ರಮ್ಮಿನ ಸಂದು ಕಡಿಮೆ ಮಾಡುವ ಅಡ್ಜಸ್ಟರ್ ಮುಂದಿನ ಒಂದೊಂದು ಗಾಲಿಗೂ ಎರಡಿವೆ, ಎಷ್ಟೋ ಜನ ಒಂದನ್ನೇ ತಿರುಗಿಸಿ ಬಿಡುತ್ತಾರೆ. ಗಾಲಿ ಎತ್ತಿ, ಒಂದೊಂದನ್ನೇ ಗಾಲಿ ಕಚ್ಚಿಕೊಳ್ಳುವವರೆಗೆ ತಿರುಗಿಸಿ. ಆಮೇಲೆ ಗಾಲಿ ಸರಾಗವಾಗಿ ತಿರುಗುವಷ್ಟು ಮಾತ್ರ ಹಿಂದೆ ಬಿಡಿ. ನಡುವೆ ಪೆಡಲ್ ಒಮ್ಮೆ ಒತ್ತಿ ಶೂ ಕೂರಿಸಿಕೊಳ್ಳಿ. ಹಿಂದಿನದೂ ಹಾಗೇ. ಹ್ಯಾಂಡ್‌ಬ್ರೇಕ್ ಕೇಬಲ್ ಎಲ್ಲಕ್ಕಿಂತ ಕೊನೆಗೆ.

ಬೂಸ್ಟರ್ ಬಗ್ಗೆ ಕೇಳಿದ್ದಿರಿ. ಅದು ಕಾಲಿಗೆ ಆರಾಮ ಕೊಡುತ್ತದೆ, ಡ್ರಮ್ಮಿನ ಬಿಸಿ ಕಡಿಮೆ ಮಾಡುವುದಿಲ್ಲ. ಸಿಲಿಂಡರ್ ಹಿಡಿದುಕೊಂಡಿದ್ದ ಗಾಡಿಗೆ ಹಾಕಿಸಿದ್ದರೆ ಇನ್ನೂ ಜೋರಾಗಿ ಎಡಕ್ಕೆ ಎಳೆಯುತ್ತಿತ್ತು. ದುಡ್ಡು ಉಳಿಸಿ. ಘಟ್ಟ ಇಳಿಯುವಾಗ ತುದಿಯಲ್ಲೇ ಎರಡನೇ ಗೇರಿಗೆ ಹಾಕಿಕೊಳ್ಳಿ. ಬ್ರೇಕ್ ಮೇಲೆ ಕಾಲಿಟ್ಟೇ ಇಳಿಯಬೇಡಿ, ಒತ್ತಿ ವೇಗ ಇಳಿಸಿ, ಬಿಟ್ಟುಬಿಡಿ. ಆ ಬಿಟ್ಟ ಹೊತ್ತಿನಲ್ಲೇ ಡ್ರಮ್ ತಣಿಯುವುದು.

ಶಿರಸಿ ಪದ್ಮಿನಿ:
ಕಾರವಾರದಲ್ಲಿ ಗಾಡಿ ವಾರಗಟ್ಟಲೆ ನಿಂತಿರುತ್ತದಾ? ಹಾಗಿದ್ದರೆ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಶೂ ಡ್ರಮ್ಮಿಗೆ ತುಕ್ಕಿನಿಂದ ಅಂಟಿಕೊಳ್ಳುತ್ತದೆ. ಸಪಾಟು ಜಾಗದಲ್ಲಿ ಗೇರಿಗೆ ಹಾಕಿ, ಗಾಲಿಗೆ ಕಲ್ಲು ಕೊಡಿ.

ಕೋಡಿಬಾಗ ಅಂಬಿ:
ಎರಡನೇ ಅಡ್ಜಸ್ಟರ್ ಯಾರೂ ಮುಟ್ಟಿರಲೇ ಇಲ್ಲ, ತುಕ್ಕು ಬಿಡಿಸಿ ತಿರುಗಿಸಿದೆ. ಪೆಡಲ್ ಮೇಲೆ ಬಂತು. ನಿನ್ನೆ ಒಬ್ಬನೇ ದೇವಿಮನೆ ಹತ್ತಿ, ಎರಡನೇ ಗೇರಿನಲ್ಲಿ ಇಳಿದು ಬಂದೆ. ಕತಗಾಲದಲ್ಲಿ ನಿಲ್ಲಿಸಿ ನೋಡಿದೆ, ಮುಂದಿನ ಎರಡೂ ಗಾಲಿ ಒಂದೇ ಹದದಲ್ಲಿ ಬೆಚ್ಚಗಿದ್ದವು. ವಾಸನೆ ಇಲ್ಲ. ಮುಂದಿನ ವಾರ ಅಮ್ಮನನ್ನು ಕೂರಿಸಿಕೊಂಡು ಶಿರಸಿಗೆ ಬರುತ್ತೇನೆ.